ಬಾಗಿಲಲ್ಲಿ ನಿಂತ ಬೂಶ್ತಾ

ಬೂಶ್ತಾ ಜರ್ಹೂನಿ ಬೀದಿಗಿಳಿದರೆ ಸಾಕು, ಮೆಕ್ನೆಸ್ ಊರಿಗೆ ನಗು ತಡೆಯುತ್ತಿರಲಿಲ್ಲ. ಪುದೀನ ಮಾರುವವನು ಕಟ್ಟು ಎತ್ತಿ ಹಿಡಿದು "ದೇವರು ಕೊಡ್ತಾನೆ, ಹೋಗೋ!" ಎಂದು ಕೂಗುತ್ತಿದ್ದ. ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅದನ್ನೇ ಕೂಗುತ್ತಿದ್ದ. ಟಿವಿಯ ರಂಜಾನ್ ಧಾರಾವಾಹಿಯಲ್ಲಿ ಅವನದು ಸಾರ್ವಜನಿಕ ಸ್ನಾನಗೃಹ ನಡೆಸುವ ಕಡುಜಿಪುಣನ ಪಾತ್ರ. ಒಡಹುಟ್ಟಿದ ತಮ್ಮನೇ ಬಂದು ಕೈಚಾಚಿದರೂ "ದೇವರು ಕೊಡ್ತಾನೆ, ಹೋಗೋ" ಎಂದು ಮುಖಕ್ಕೆ ಬಾಗಿಲು ಹಾಕುವುದು ಆ ಪಾತ್ರದ ಕೆಲಸ. ಉಪವಾಸ ಬಿಟ್ಟು ಹರೀರಾ ಸಾರಿನ ಬಟ್ಟಲು ಹಿಡಿದು ಕೂತ ಇಡೀ ದೇಶ ಆ ಒಂದು ಮಾತಿಗೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿತ್ತು.

ಹಾಗಂತ ಅವನು ಕೋಡಂಗಿಯಾಗಿ ಹುಟ್ಟಿದವನಲ್ಲ. ಕುದುರೆ ತಡಿ ಹೊಲಿಯುವವನ ಮಗ. "ಸೂಜಿ ಹಿಡಿ, ಇಲ್ಲ ಮನೆ ಬಿಡು" ಎಂದು ಅಪ್ಪ ಗದರಿದಾಗ ಮನೆಯನ್ನೇ ಬಿಟ್ಟ. ಸಂತೆಯಿಂದ ಸಂತೆಗೆ ಹೋಗಿ, ಲಾರಿಯ ಹಿಂಬದಿಯನ್ನೇ ರಂಗ ಮಾಡಿಕೊಂಡು ಆಡಿದ. ವರ್ಜಾಜತ್‌ನ ಮರಳಿನಲ್ಲಿ ಪರದೇಶದವರ ಸಿನಿಮಾಗಳಿಗೆ ಸೈನಿಕನಾಗಿ, ಗುಲಾಮನಾಗಿ, ಕಳ್ಳನಾಗಿ ಸತ್ತ. ಅಷ್ಟು ಸಲ ಸಾಯಿಸಿದರೂ ಪುಣ್ಯಾತ್ಮರು ಬಾಯಲ್ಲಿ ಒಂದು ಮಾತು ಆಡಿಸಲಿಲ್ಲ! ಕೊನೆಗೆ ಟಿವಿಯವರು ಕರೆದು ಮಾತು ಕೊಟ್ಟರು. ಕೊಟ್ಟದ್ದು ಇದು.

ಅವನ ಒಬ್ಬನೇ ಮಗ ಇದ್ರಿಸ್. ಒಂದು ವರ್ಷ ರಂಜಾನಿಗೆ ಕೆಲವೇ ದಿನ ಮುಂಚೆ ಸ್ಪೇನಿಗೆ ಹೊರಟ ದೋಣಿ ಹತ್ತಿದ. ದೋಣಿ ಮುಳುಗಿತು. ಹುಡುಗನ ಹೆಣವೂ ಸಿಗಲಿಲ್ಲ. ಹೆಣ ಇಲ್ಲದ ಮೇಲೆ ಮಣ್ಣಿಲ್ಲ, ಸಾವಿನ ಮನೆಯ ಊಟವಿಲ್ಲ. ನೆರೆಯವರು ಬಾಗಿಲವರೆಗೆ ಬಂದು, ಏನು ಹೇಳಬೇಕೋ ತೋಚದೆ ಹಿಂದಿರುಗಿದರು. ಹುಡುಗನ ತಾಯಿ ಬತೂಲ್, ಬಂದವರನ್ನು ಬಾಯಿ ಬಿಡಲೂ ಬಿಡಲಿಲ್ಲ. "ಯಾರಾದ್ರೂ ಸಮಾಧಾನ ಹೇಳೋಕೆ ಬಂದ್ರೆ ಹುಷಾರ್! ನನ್ನ ಮಗ ಫೋನ್ ಮಾಡ್ತಾನೆ" ಎಂದಳು. ಚಿತ್ರೀಕರಣ ನಿಲ್ಲುವ ಹಾಗಿರಲಿಲ್ಲ. ಬೂಶ್ತಾ ಹೋಗಿ ಆ ಮಾತು ಹೇಳಿ, ಬಾಗಿಲು ಹಾಕಿ ಬಂದ. ಆ ವರ್ಷ ಜನ ಹಿಂದೆಂದಿಗಿಂತ ಹೆಚ್ಚು ನಕ್ಕರು ಅಂತ ಪತ್ರಿಕೆಯವರು ಬರೆದರು.

ವರ್ಷಗಳು ಕಳೆದವು. ಫೋನ್ ಬರಲಿಲ್ಲ. ನಿಸ್ರೀನ್ ಎಂಬ ಎಳೆಯ ನಿರ್ದೇಶಕಿ ಹೊಸ ನಾಟಕ ಬರೆದಿದ್ದಳು. ಸಮುದ್ರದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ಕಥೆ. ಅದರಲ್ಲಿ ನಗಿಸುವ ಕಿರಾಣಿ ಅಂಗಡಿಯವನ ಪಾತ್ರ ಮಾಡಿ ಎಂದು ಬೂಶ್ತಾನನ್ನು ಕೇಳಿದಳು.

"ತಂದೆ ಪಾತ್ರ ಕೊಡು" ಎಂದ.

"ಬೂಶ್ತಾ ಸಾಹೇಬ್ರೇ, ನಿಮ್ಮನ್ನ ನೋಡಿದ್ರೇ ಜನ ನಗ್ತಾರೆ."

"ನಗಲಿ. ನಗು ಮುಗಿಯೋವರೆಗೂ ನಿಂತಿರ್ತೀನಿ. ಒಂದೇ ಒಂದು ಸಲ, ಜನರ ಮುಂದೆ, ಅಪ್ಪನಾಗಿ ಅಳಬೇಕು ನಾನು. ಅಷ್ಟೇ."

ಹುಡುಗಿ ಒಪ್ಪಿದಳು. ಮನೆಯಲ್ಲಿ ಬತೂಲ್ ಒಪ್ಪಲಿಲ್ಲ.

"ನಾಚಿಕೆ ಆಗಲ್ವಾ ನಿಂಗೆ? ನನ್ನ ಮಗನ ಕಥೇನ ಟಿಕೆಟ್ ಇಟ್ಟು ತೋರಿಸ್ತೀಯಾ?"

"ಅವನು ನಿನ್ನೊಬ್ಬಳ ಮಗನೇನಾ? ನನ್ನವನಲ್ವಾ?"

"ನಿನ್ನವನಾಗಿದ್ರೆ ಅವನು ಬದುಕಿದಾನೆ ಅಂತಿದ್ದೆ" ಎಂದು ಹೇಳಿ ಅಡುಗೆಮನೆ ಸೇರಿದಳು. ಆಮೇಲೆ ನಾಟಕದ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಟಿವಿಯವರು ಮುಂದಿನ ರಂಜಾನಿಗೆ ಕರೆದರು, ಬೂಶ್ತಾ ಬರುವುದಿಲ್ಲ ಎಂದ. ಅವನಿಗೆ ತಲೆ ಕೆಟ್ಟಿದೆ ಎಂದು ಕಾಫಿ ಅಂಗಡಿಗಳೆಲ್ಲ ತೀರ್ಮಾನಿಸಿದವು.

ರಬಾತ್‌ನಲ್ಲಿ ಮೊದಲ ಪ್ರಯೋಗ. ಬೂಶ್ತಾ ರಂಗದ ಮೇಲೆ ಕಾಲಿಟ್ಟನೋ ಇಲ್ಲವೋ, ನಗು ಶುರು. "ನನ್ನ ಮಗ ಎಲ್ಲಿ?" ಎಂದು ಗಂಟಲು ಹರಿಯುವಂತೆ ಕೂಗಿದ. "ದೇವರು ಕೊಡ್ತಾನೆ, ಹೋಗೋ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಫೆಸ್ ಊರಿನಲ್ಲೂ ಅದೇ ಗತಿ. ಅನ್ಯಾಯ ನೋಡಿ, ಟಿಕೆಟ್ ಮಾತ್ರ ಬಿಸಿ ರೊಟ್ಟಿಯ ಹಾಗೆ ಖರ್ಚಾಗುತ್ತಿದ್ದವು.

"ಮೆಕ್ನೆಸ್ ಒಂದು ನೋಡೋಣ" ಎಂದಳು ನಿಸ್ರೀನ್, ಅವನ ಮುಖ ನೋಡದೆ. "ಅಲ್ಲೂ ನಕ್ಕರೆ ತಂದೆ ಪಾತ್ರ ಬೇರೆಯವರಿಗೆ ಕೊಡ್ತೀನಿ. ನೀವು ಅಂಗಡಿಯವನಾಗಿ. ಬೇಜಾರು ಮಾಡ್ಕೋಬೇಡಿ."

"ನಿನ್ನ ತಪ್ಪೇನಿಲ್ಲ ಮಗಳೇ" ಎಂದ.

ಮೆಕ್ನೆಸ್‌ನಲ್ಲಿ ಅಂದು ಸಂಜೆ, ಟಿಕೆಟ್ ಹಿಡಿದ ಜನ ರಂಗಮಂದಿರದ ಹೊರಗೆ ಸಾಲಾಗಿ ನಿಂತಿದ್ದರು. ಬೂಶ್ತಾ ಮುಖಕ್ಕೆ ಬಣ್ಣ ಹಚ್ಚಲಿಲ್ಲ. ಕಂದು ಜಲ್ಲಾಬಾ ನಿಲುವಂಗಿಯ ಟೋಪಿಯನ್ನು ತಲೆ ಮೇಲೆ ಎಳೆದುಕೊಂಡು ಹೊರಬಾಗಿಲಿಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಕೈಚಾಚಿ ನಿಂತ. ಮಣ್ಣು ಮಾಡಿ ಮುಗಿದ ಮೇಲೆ ಸತ್ತವನ ಮನೆಯವರು ಸ್ಮಶಾನದ ಬಾಗಿಲಲ್ಲಿ ಹೀಗೇ ನಿಲ್ಲುತ್ತಾರೆ. ಬಂದವರು ಒಬ್ಬೊಬ್ಬರಾಗಿ ಕೈಹಿಡಿದು, ಹೇಳಬೇಕಾದ ಮಾತು ಹೇಳಿ ಹೋಗುತ್ತಾರೆ. ಬೂಶ್ತಾ ಹಾಗೆ ಎಷ್ಟೋ ಜನರ ಕೈ ಹಿಡಿದಿದ್ದ. ಅವನ ಕೈಯನ್ನು ಮಾತ್ರ ಯಾರೂ ಹಿಡಿದಿರಲಿಲ್ಲ.

"ಏಯ್, ಜಿಪುಣ ಬಾಗಿಲಿಗೇ ಬಂದ ಕಣ್ರೋ! ಒಳಗೆ ಬಿಡ್ತೀಯೋ, ದೇವರು ಕೊಡ್ತಾನೋ?" ಎಂದ ಒಬ್ಬ ಪಡ್ಡೆ. ಅವನ ಗೆಳೆಯರು ಗೊಳ್ಳೆಂದರು. ಬೂಶ್ತಾ ಕೈಚಾಚಿಕೊಂಡೇ ಇದ್ದ.

ಸಾಲಿನಿಂದ ಗಲ್ಲದ ಮೇಲೆ ಹಚ್ಚೆಯಿದ್ದ ಒಬ್ಬ ಮುದುಕಿ ಮುಂದೆ ಬಂದಳು. "ಮುಚ್ಚೋ ಬಾಯಿ, ಮನೆ ಹಾಳ! ಮನುಷ್ಯ ಹೇಗೆ ನಿಂತಿದಾನೆ, ಕಣ್ಣು ಕಾಣಲ್ವಾ?" ಎಂದು ಪಡ್ಡೆಯನ್ನು ಗದರಿಸಿ, ಬೂಶ್ತಾನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದಳು.

"ಯಾರಪ್ಪಾ ಹೋದದ್ದು?"

"ನನ್ನ ಮಗ ಕಣಮ್ಮಾ. ಸಮುದ್ರ ತಗೊಂಡಿತು."

"ಅಯ್ಯೋ ನನ್ನಪ್ಪಾ! ದೇವರು ನಿನ್ನ ಪುಣ್ಯ ಹೆಚ್ಚಿಸಲಿ."

"ನಿಮಗೆ ಯಾವ ಕೆಟ್ಟದ್ದೂ ಕಾಣದಿರಲಿ" ಎಂದ ಬೂಶ್ತಾ. ಸತ್ತವನ ಮನೆಯವರು ಕೊಡುವ ಈ ಉತ್ತರ ಹೇಳುವ ಸರದಿ ಅವನಿಗೆ ಈವರೆಗೂ ಬಂದಿರಲಿಲ್ಲ.

ಅವಳ ಹಿಂದಿನವರಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಚಾಚಿದ ಕೈ ಕಂಡರೆ ಈ ಜನರ ಬಾಯಿಗೆ ಪುಣ್ಯ ಹೆಚ್ಚಿಸಲಿ ಎಂಬ ಮಾತು ತಾನಾಗಿ ಬರುತ್ತದೆ, ಎದೆಯ ಮೇಲೆ ಕೈ ತಾನಾಗಿ ಹೋಗುತ್ತದೆ. ಪುದೀನದವನು ಹೇಳಿದ. ಟ್ಯಾಕ್ಸಿಯವನು ಹೇಳಿ, ಕಣ್ಣೊರೆಸಿಕೊಂಡು ಒಳಗೆ ಹೋದ. ಪಡ್ಡೆ ಹುಡುಗನೂ ತಲೆ ತಗ್ಗಿಸಿ ಹೇಳಿದ. ಒಳಗೆ ಹೋದವರು ಸಾವಿನ ಮನೆಯಲ್ಲಿ ಕೂತ ಹಾಗೆ ಸದ್ದಿಲ್ಲದೆ ಕೂತರು. ಒಳಗಿನಿಂದ ಓಡಿಬಂದ ನಿಸ್ರೀನ್, ನಾಟಕ ಶುರುವಿನ ಗಂಟೆ ಹೊಡೆಯಬೇಡಿ ಎಂದು ಕೈಸನ್ನೆ ಮಾಡಿ ಪಕ್ಕಕ್ಕೆ ಸರಿದು ನಿಂತಳು.

ಆಗ ಸಾಲಿನಲ್ಲಿ ಬತೂಲ್ ಕಂಡಳು.

ಗಂಡನನ್ನು ಆಡಿಕೊಂಡು ನಗುವವರನ್ನು ನಾಲ್ಕು ಮಾತು ಬೈದು ಹೋಗೋಣ ಎಂದು ಬಂದಿದ್ದಳಂತೆ. ಬೂಶ್ತಾನಿಗೆ ಅದು ಗೊತ್ತಿರಲಿಲ್ಲ. ಅವಳ ಬೈಗುಳಕ್ಕೆ ತಯಾರಾಗಿಯೇ ಕೈಚಾಚಿದ. ಅವಳು ಕೈ ಹಿಡಿಯಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಸರಿ" ಎಂದಳು.

ಅವನು ಸರಿದ. ಅವಳು ಅವನ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮಣ್ಣು ಮಾಡುವಲ್ಲಿಗೆ ಹೆಂಗಸರು ಹೋಗುವ ವಾಡಿಕೆಯಿಲ್ಲ, ಆ ಸಾಲಿನಲ್ಲಿ ಅವರು ನಿಲ್ಲುವುದೂ ಇಲ್ಲ. ಅವಳು ನಿಂತಳು, ಯಾರೂ ಬೇಡ ಎನ್ನಲಿಲ್ಲ. ಸಾಲಿನಲ್ಲಿ ಮುಂದೆ ಬಂದ ಮಾಂಸದಂಗಡಿಯವನು ಮೊದಲು ಬೂಶ್ತಾನ ಕೈ ಹಿಡಿದ, ಆಮೇಲೆ ಅವಳ ಮುಂದೆ ನಿಂತು ಅಳುಕಿದ.

"ಹೇಳಪ್ಪಾ" ಎಂದಳು ಬತೂಲ್. "ಇದ್ರಿಸ್ ಅಂತ ಅವನ ಹೆಸರು."