ಮುಖ ಕಾಣಬೇಕು

ನನ್ನ ಸೊಸೆ ಮಧುರವಾಡದಲ್ಲಿ ಹೆಂಗಸರಿಗೆ ಕೆಲಸ ಕಲಿಸುವ ಪುಟ್ಟ ಟ್ರೈನಿಂಗ್ ಸೆಂಟರ್ ನಡೆಸುತ್ತಾಳೆ. ಸರ್ಕಾರದ ಸ್ಕೀಮು, ಬ್ಯಾಚು ಮಂಜೂರಾದರೆ ಕ್ಲಾಸು, ಇಲ್ಲದಿದ್ದರೆ ಬೀಗ. ಪರವಾಡದ ಔಷಧಿ ಕಾರ್ಖಾನೆಗಳಿಗಾಗಿ ಮಾತ್ರೆ ಪ್ಯಾಕ್ ಮಾಡುವುದನ್ನು ಅವಳು ಕಲಿಸಿದರೆ, ಇಂಟರ್‌ವ್ಯೂಗೆ ಬೇಕಾದ ನಾಲ್ಕು ಮಾತು ಇಂಗ್ಲಿಷ್ ನಾನು ಕಲಿಸುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆನ್ನು ನೇರ ಮಾಡಿಸಿ ಕಲಿಸಿದ ಇಂಗ್ಲಿಷು. ನಾನು ವಿಶಾಖಪಟ್ಟಣದ ತೆಲುಗು ಮನೆಗೆ ಸೊಸೆಯಾಗಿ ಬಂದ ಮೇಲೆ ಅದು ಷೋಕೇಸಿನ ಪಿಂಗಾಣಿಯ ಹಾಗೆ ಸುಮ್ಮನೆ ಕೂತಿತ್ತು. ಈ ವಯಸ್ಸಿನಲ್ಲಿ ಕೆಳಗಿಳಿಸಿ ಧೂಳು ಒರೆಸಿದ್ದೆ.

ಮುಂದಿನ ಬ್ಯಾಚಿಗೆ ಕಾಯುತ್ತಿದ್ದವರಲ್ಲಿ ನಮ್ಮ ಹಿಂದಿನ ಬೀದಿಯವಳೊಬ್ಬಳಿದ್ದಳು. ಗಂಡನಿಲ್ಲ. ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಪರವಾಡದ ಕಂಪನಿ ಬಸ್ ಅವರ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಬೆಳಗಿನ ಶಿಫ್ಟಿನವರು ಸಂಜೆ ಕಾಫಿಯ ಹೊತ್ತಿಗೆ ವಾಪಸು. ಬೆಳಗ್ಗೆ ತಾಯಿಗೆ ಗಂಜಿ ಕುಡಿಸಿ ಹೋದರೆ, ಪಕ್ಕದ ಮನೆಯವರು ಮಧ್ಯಾಹ್ನ ಒಮ್ಮೆ ಇಣುಕಿದರೆ ಸಾಕು, ಅಷ್ಟರಲ್ಲಿ ತಾನು ಬಂದೇ ಬಿಡುತ್ತೇನೆ ಎನ್ನುವುದು ಅವಳ ಲೆಕ್ಕಾಚಾರ. ಆದರೆ ಟ್ರೈನಿಂಗ್ ಸರ್ಟಿಫಿಕೇಟ್ ಇಲ್ಲದೆ ಕಂಪನಿ ತೆಗೆದುಕೊಳ್ಳುವುದಿಲ್ಲ. ಬ್ಯಾಚು ಶುರುವಾಗುವ ಮೊದಲೇ ನಮ್ಮ ವರಾಂಡದಲ್ಲಿ ಕೂತು, "ಐ ಆಮ್ ಎ ಹಾರ್ಡ್ ವರ್ಕಿಂಗ್ ಪರ್ಸನ್" ಎಂದು ಉರು ಹೊಡೆಯುತ್ತಿದ್ದಳು.

"ಅಮ್ಮಗಾರೂ, ಇಷ್ಟು ಇಂಗ್ಲಿಷ್ ಕೇಳಿದ್ರೆ ಮಾತ್ರೆಗಳು ಹೆದರಿ ತಾವೇ ಡಬ್ಬಿಯೊಳಗೆ ಹೋಗಿ ಕೂತ್ಕೋತವೆ," ಎಂದು ತೆಲುಗಿನಲ್ಲಿ ನಗಿಸುವಳು.

ಅಷ್ಟರಲ್ಲಿ ಹೊಸ ಸ್ಟ್ಯಾಂಡರ್ಡ್ಸ್ ಬಂದವು. ಸೆಂಟರು ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು, ಕಲಿತವರು ಕೆಲಸದ ಜಾಗದಲ್ಲಿ ನಿಂತ ಫೋಟೋವನ್ನು ಆ್ಯಪಿಗೆ ಏರಿಸಬೇಕು. ಆ್ಯಪು ಮುಖ ಗುರುತಿಸಿದರೆ ಹಸಿರು ಟಿಕ್. ಇಲ್ಲವಾದರೆ ಕೆಂಪು, ಎಂದರೆ ಆಕೆಗೆ ಕೆಲಸವೇ ಸಿಕ್ಕಿಲ್ಲ. ವೆರಿ ರೀಸನಬಲ್ ಎಂದೇ ನನಗೂ ಅನ್ನಿಸಿತ್ತು. ಹೆಸರಿಗಷ್ಟೇ ಕೆಲಸ ಕೊಡಿಸಿದ ಸೆಂಟರುಗಳೂ ಇದ್ದವಲ್ಲ.

ಆದರೆ ಪರವಾಡದಲ್ಲಿ ಫೋನನ್ನು ಗೇಟಿನಲ್ಲೇ ಬಿಡಬೇಕು. ಸೊಸೆ ಕಾಡಿ ಬೇಡಿದ ಮೇಲೆ ಸೂಪರ್‌ವೈಸರ್ ತಾನೇ ಒಬ್ಬೊಬ್ಬರದೂ ಫೋಟೋ ತೆಗೆದು ಕಳಿಸಿದ. ನೋಡಿದರೆ ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಕತ್ತಿನಿಂದ ಕಾಲಿನವರೆಗೆ ಬಿಳಿ ಗೌನು. ಕಾಣುವುದು ಕಣ್ಣು ಮಾತ್ರ. ಮುಖ ತೆರೆದರೆ ಕಂಪನಿ ಒಳಗೆ ಬಿಡುವುದಿಲ್ಲ, ಮುಚ್ಚಿದರೆ ಆ್ಯಪು ಒಪ್ಪುವುದಿಲ್ಲ. ಹಿಂದಿನ ಬ್ಯಾಚಿನ ಅಷ್ಟೂ ಹೆಂಗಸರು ದಿನಾ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಆ್ಯಪಿನಲ್ಲಿ ಎಲ್ಲರೂ ಕೆಂಪು. ಹೊಸ ಬ್ಯಾಚು ನಿಂತಿತು.

ವಿಜಯವಾಡದಲ್ಲಿ ಸೆಂಟರುಗಳ ಅಭಿಪ್ರಾಯ ಕೇಳಲು ಮೀಟಿಂಗ್ ಕರೆದರು.

"ಅತ್ತಯ್ಯ, ನೀವೂ ಬನ್ನಿ," ಎಂದಳು ಸೊಸೆ. "ನಾನು ಹೇಳಿದ್ರೆ ಕಂಪ್ಲೇಂಟು ಅಂತಾರೆ. ಅದನ್ನೇ ನೀವು ಇಂಗ್ಲಿಷ್‌ನಲ್ಲಿ ಹೇಳಿದ್ರೆ ಸಜೆಷನ್ ಅಂತಾರೆ."

ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆಯುಟ್ಟು ರೈಲು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಎಲೊಕ್ಯೂಷನ್ ತಾಲೀಮು. ಮೀಟಿಂಗಿನಲ್ಲಿ ಚೆನ್ನಾಗಿಯೇ ಮಾತಾಡಿದೆ. ಚಪ್ಪಾಳೆ ಕೂಡ ಬಿತ್ತು. ಆಮೇಲೆ ಯುವ ಅಧಿಕಾರಿಯೊಬ್ಬ ಬಂದು ನನಗೆ ಕುರ್ಚಿ ಎಳೆದುಕೊಟ್ಟ. ಸೊಸೆಯ ಫೋನಿನಲ್ಲಿದ್ದ ಫೋಟೋಗಳನ್ನು ಅವನಿಗೆ ತೋರಿಸಿದೆ.

"ನೋಡಪ್ಪಾ, ಈ ಮೆಳ್ಳೆಗಣ್ಣಿನವಳು, 'ವಾಟ್ ಈಸ್ ಯುವರ್ ವೀಕ್‌ನೆಸ್' ಅಂದ್ರೆ 'ಬಿರಿಯಾನಿ' ಅಂದವಳು. ಈ ಹುಬ್ಬು ಕೂಡಿದವಳು ನನ್ನ ಬೆಸ್ಟ್ ಸ್ಟೂಡೆಂಟ್. ನನಗೇ ಗೊತ್ತಾಗುತ್ತಲ್ಲ."

"ನಾನು ನಂಬ್ತೀನಿ ಮೇಡಂ. ಆ್ಯಪು ನಂಬಬೇಕಲ್ಲ."

"ಅದಕ್ಕೆ ಹೇಳೋರು ಯಾರು?"

"ಅದು ವೆಂಡರ್ ಮಾಡಿದ್ದು. ಈ ವರ್ಷಕ್ಕೆ ಎಲ್ಲಾ ಫ್ರೀಜ್, ಏನೂ ಬದಲಾಯಿಸೋ ಹಾಗಿಲ್ಲ." ದನಿ ತಗ್ಗಿಸಿದ. "ನಮ್ಮ ಅಟೆಂಡೆನ್ಸೂ ಅದೇ ರೀತಿ ಮೇಡಂ. ಗಡ್ಡ ಬಿಟ್ಟ ವಾರ ನಾನೂ ಆಬ್ಸೆಂಟು."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

"ಫೇಸ್ ಕಾಣೋ ಟ್ರೇಡ್ ತಗೊಳ್ಳಿ ಮೇಡಂ. ರೀಟೇಲ್ ಸೇಲ್ಸ್. ತಕ್ಷಣ ಮಂಜೂರು ಮಾಡಿಸ್ತೀನಿ," ಎಂದ.

ವಾಪಸು ಬರುವಾಗ ಸೊಸೆ ರೈಲಿನಲ್ಲೇ ಸೆಂಟರಿನ ಬಾಡಿಗೆಯ ಲೆಕ್ಕ ಹಾಕಿದಳು. "ಬೀಗ ಹಾಕೋದಕ್ಕಿಂತ ಅದೇ ವಾಸಿ ಅಲ್ವಾ ಅತ್ತಯ್ಯ?" ಎಂದಳು ಕೊನೆಗೆ. ಬೇಡ ಅನ್ನಲು ನನ್ನ ಬಳಿ ಬೇರೆ ದಾರಿಯೇನೂ ಇರಲಿಲ್ಲ.

ಹಿಂದಿನ ಬೀದಿಯವಳು ಸೇಲ್ಸ್ ಬ್ಯಾಚಿಗೇ ಸೇರಿದಳು. "ಏನೋ ಒಂದು ಕೆಲಸ, ಅಮ್ಮಗಾರೂ. ಖಾಲಿ ಕೂರೋಕಾಗುತ್ತಾ?" ಎಂದಳು. ನಾನು "ಮೇ ಐ ಹೆಲ್ಪ್ ಯೂ, ಮೇಡಂ?" ಕಲಿಸಿದೆ. ದ್ವಾರಕಾ ನಗರದ ಸೀರೆ ಅಂಗಡಿಯಲ್ಲಿ ಕೆಲಸವಾಯಿತು. ಶಟರ್ ಎಳೆದು, ಹರಡಿದ ಸೀರೆಗಳನ್ನೆಲ್ಲ ಮಡಿಸಿ ಮನೆಗೆ ಬರುವಷ್ಟರಲ್ಲಿ ಬೀದಿಯೇ ಮಲಗಿರುತ್ತದೆ.

ಅವಳ ಫೋಟೋ ಏರಿಸಿದ ತಕ್ಷಣ ಹಸಿರಾಯಿತು. ಜರಿ ಸೀರೆಯ ರಾಶಿಯ ಮುಂದೆ, ಬೊಟ್ಟಿಟ್ಟು, ಹೂ ಮುಡಿದು ನಿಂತಿದ್ದಾಳೆ. ಮುಖ ಎಷ್ಟು ಕ್ಲಿಯರ್! "ನಮ್ಮ ಮೊದಲ ಟಿಕ್ಕು, ಅತ್ತಯ್ಯ," ಎಂದು ತೋರಿಸಿದ ಸೊಸೆ ನನ್ನ ಮುಖ ನೋಡಲಿಲ್ಲ.

ಈಗ ಸಂಜೆ ನಾನು ಹೋಗಿ ಅವಳ ತಾಯಿಯ ಹತ್ತಿರ ಕೂರುತ್ತೇನೆ. ಪಕ್ಕದ ಮನೆಯವರು ಕೊಟ್ಟ ಗಂಜಿಯನ್ನು ಚಮಚದಲ್ಲಿ ಕುಡಿಸುತ್ತೇನೆ. ಬೀದಿಯ ತುದಿಯಲ್ಲಿ ಕಂಪನಿ ಬಸ್ಸಿನ ಬ್ರೇಕು ಕಿರುಗುಟ್ಟುತ್ತದೆ. ಮಗಳು ಆ ಬಸ್ಸಿನ ಮಾತನ್ನು ಎಷ್ಟು ತಿಂಗಳು ಆಡಿದ್ದಳೋ, ತಾಯಿಗೆ ಅದೊಂದೇ ನೆನಪಿನಲ್ಲಿ ಉಳಿದಿದೆ.

"ಬಸ್ಸು ಬಂತಲ್ಲಾ, ಇವಳೆಲ್ಲಿ?" ಎಂದು ತೊದಲುತ್ತಾರೆ.

ಸೀರೆ ಅಂಗಡಿಯ ವಿಷಯ ಎಷ್ಟು ಸಲ ಹೇಳಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ಈಗ ಹೇಳುವುದನ್ನೇ ಬಿಟ್ಟಿದ್ದೇನೆ. "ಇಳೀತಿದ್ದಾಳೆ, ಬರ್ತಾಳೆ," ಎನ್ನುತ್ತೇನೆ. ಆಕೆ ಗಂಜಿಗೆ ಬಾಯಿ ತೆರೆಯದೆ ಬಾಗಿಲ ಕಡೆಯೇ ನೋಡುತ್ತಿರುತ್ತಾರೆ. ನಾನು ಚಮಚ ಹಿಡಿದುಕೊಂಡು ಕೂತಿರುತ್ತೇನೆ.