ಜೋಲ್ಚುವಿನ ಬಲಗೈ

ಅಟ್‌ಬಾಶಿಯ ಜೋಲ್ಚುಬೆಕ್ ಹೊಡೆದಾಟ ಹುಡುಕಿಕೊಂಡು ಹೋದವನಲ್ಲ. ಅದೇ ಅವನಿದ್ದಲ್ಲಿಗೆ ಬರುತ್ತಿತ್ತು. ಕಸುಬಿನಿಂದ ಕಟುಕ. ಬೆಳಿಗ್ಗೆ ಕುದುರೆಯ ಕತ್ತು ಕೊಯ್ದು, ಮಧ್ಯಾಹ್ನ ಯಾರದೋ ದವಡೆಗೆ ಗುದ್ದಿ, ಸಂಜೆ ಅದೇ ಬಲಗೈಯಲ್ಲಿ ರೇಡಿಯೋದ ಕಿವಿ ಹಿಂಡುತ್ತ ಕೂರುವ ಆಸಾಮಿ. ಹಾಡು ಬರುವಾಗ ಮನೆಯಲ್ಲಿ ಯಾರೂ ಕೆಮ್ಮಕೂಡದು. ಕೆಮ್ಮಿದ ಷಡ್ಡಕನೊಬ್ಬ ಬಾಗಿಲ ಸಮೇತ ಅಂಗಳಕ್ಕೆ ಬಿದ್ದದ್ದನ್ನು ನಮ್ಮೂರು ಇನ್ನೂ ಮರೆತಿಲ್ಲ.

ಕುರಿಗಳು ಬೆಟ್ಟದಿಂದ ಇಳಿದ ಮೇಲೆ ವರ್ಷಕ್ಕೊಮ್ಮೆ ಅವನು ರಾಜಧಾನಿ ಬಿಷ್ಕೆಕ್‌ಗೆ ಹೋಗುತ್ತಿದ್ದ. ಉಳಿದವರು ಬೂಟಿಗೋ ಔಷಧಿಗೋ ಹೋದರೆ ಇವನು ಹೋಗುತ್ತಿದ್ದದ್ದು ಕಿವಿಗಾಗಿ. ಅಷ್ಟು ದೊಡ್ಡ ಪಟ್ಟಣದಲ್ಲಿ ಅವನಿಗೆ ಒಂದು ಬೀದಿಯ ಹೆಸರೂ ಗೊತ್ತಿರಲಿಲ್ಲ. ಸಂಗೀತ ಶಾಲೆಯ ಯಾವ ಕಿಟಕಿಯ ಕೆಳಗೆ ಕೂತರೆ ಪಿಟೀಲು ಕೇಳುತ್ತದೆ, ಓಶ್ ಬಜಾರಿನ ಯಾವ ಮೂಲೆಯಲ್ಲಿ ಕುರುಡ ಮುದುಕ ಅಕಾರ್ಡಿಯನ್ ನುಡಿಸುತ್ತಾನೆ ಎಂಬುದು ಮಾತ್ರ ಬಾಯಿಪಾಠ. ಆ ಮುದುಕನ ಟೋಪಿಯನ್ನು ಒದ್ದು ನಕ್ಕ ಇಬ್ಬರು ಪಡ್ಡೆಗಳನ್ನು ಕಲ್ಲಂಗಡಿ ರಾಶಿಯ ಮೇಲೆ ಕೆಡವಿ ಒಬ್ಬನ ಮೂಗು ಮುರಿದಿದ್ದ. ರಕ್ತ ಯಾವುದು, ಹಣ್ಣಿನ ರಸ ಯಾವುದು ಎಂದು ಪೊಲೀಸರಿಗೂ ತಿಳಿಯಲಿಲ್ಲ.

ಅವನು ಇಳಿದುಕೊಳ್ಳುತ್ತಿದ್ದದ್ದು ತಂಗಿ ನಾಜಿರಾಳ ಮನೆಯಲ್ಲಿ. ಆ ಸಲ ಅವಳು ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

"ಅಣ್ಣಾ, ಈ ಸಲನಾದ್ರೂ ಯಾರ ಮೂಗೂ ಮುರೀದೆ ಹೋಗು. ನೀನೇನೋ ಬಸ್ಸು ಹತ್ತಿ ಹೋಗ್ತೀಯ, ಇದೇ ಬೀದೀಲಿ ಬಾಳೋಳು ನಾನು."

ಆಯಿತು ಎಂದ. ಮನಸ್ಸಿನಿಂದಲೇ ಎಂದ, ಪಾಪ.

ಅಸಲಿಗೆ ಅವನು ಬರುತ್ತಿದ್ದದ್ದು ಒಂದೇ ಒಂದು ಹಳೆಯ ಮಟ್ಟನ್ನು ಕೇಳಲು. ಅದರಲ್ಲಿ ಹೆಪ್ಪುಗಟ್ಟಿದ ಹೊಳೆಯ ಮೇಲೆ ಹೆಣ್ಣುಗುದುರೆಯೊಂದು ತನ್ನ ಮರಿಯನ್ನು ಹಿಂದಿಟ್ಟುಕೊಂಡು ದಾಟುತ್ತದೆ. ಮಾತಿಲ್ಲ, ಅಷ್ಟನ್ನೂ ಕೋಮುಜ್ ವಾದ್ಯದ ಮೂರು ತಂತಿಗಳೇ ಹೇಳಬೇಕು. ಅವನಪ್ಪ ಕುದುರೆ ಕಾಯುವವನು, ಅದನ್ನು ನುಡಿಸುತ್ತಿದ್ದ. ಹೊಳೆಯ ನಡುವೆ ಮಂಜುಗಡ್ಡೆ ಬಿರಿಯುವಲ್ಲಿಗೆ ಬಂದು ಕೈ ನಿಲ್ಲಿಸಿ, ಮುಂದಕ್ಕೆ ನನಗೆ ಬರುವುದಿಲ್ಲ ಎಂದು ವಾದ್ಯವನ್ನು ಗೋಡೆಗೆ ತೂಗುಹಾಕುತ್ತಿದ್ದ. ಮುಂದೇನಾಯಿತು ಎಂದು ಕೇಳಿದರೆ ಬಾರುಕೋಲಿನ ಏಟು. ಜೋಲ್ಚು ಹುಟ್ಟುವ ಮೊದಲೇ ಹೊಳೆಪಾಲಾದ ಅಣ್ಣನೊಬ್ಬನಿದ್ದ. ಆ ಮನೆಯಲ್ಲಿ ಅವನ ಹೆಸರೆತ್ತುವಂತಿರಲಿಲ್ಲ. ಅಪ್ಪ ಸತ್ತ ಮೇಲೂ ಆ ಕುದುರೆ ಮಗನ ತಲೆಯೊಳಗೆ ಹೊಳೆಯ ನಡುವೆಯೇ ನಿಂತಿತ್ತು.

ಮಟ್ಟು ಪೂರ್ತಿ ಬಲ್ಲವಳು ಬುರ್ಮಾಕಾನ್ ಎಂಬ ಮುದುಕಿ ಒಬ್ಬಳೇ. ಮಗಳ ಜೊತೆ ಪಟ್ಟಣದಲ್ಲಿದ್ದಳು. ಮದುವೆಯ ಊಟಗಳಲ್ಲಿ, ಕುಡಿದವರ ಗದ್ದಲದ ನಡುವೆ, ಶಾಸ್ತ್ರಕ್ಕೊಂದಿಷ್ಟು ನುಡಿಸುತ್ತಿದ್ದಳು. ಜೋಲ್ಚು ಗಂಡಿನವರಿಗೆ ಹೆಣ್ಣಿನ ಕಡೆಯವನಾಗಿ, ಹೆಣ್ಣಿನವರಿಗೆ ಗಂಡಿನ ಕಡೆಯವನಾಗಿ ಒಳನುಗ್ಗಿ ಅವಳೆದುರಿಗೇ ಕೂರುತ್ತಿದ್ದ. ಪ್ರತಿ ಸಲವೂ ಮಂಜು ಬಿರಿಯುವ ಹೊತ್ತಿಗೆ ಯಾರಾದರೂ ಕೆಡಿಸುತ್ತಿದ್ದರು. ಒಮ್ಮೆ ಕೇಕು ಬಂತು, ಇನ್ನೊಮ್ಮೆ ವರನ ಚಿಕ್ಕಪ್ಪನ ಭಾಷಣ ಬಂತು. ಎರಡು ಸಲವೂ ಹಲ್ಲು ಕಚ್ಚಿ ಸಹಿಸಿದ್ದ.

ಈ ಸಲದ ಮದುವೆಯಲ್ಲಿ ಕುದುರೆ ಹೊಳೆಯ ನಡುವಿಗೆ ಬಂತು, ಬುರ್ಮಾಕಾನಳ ಬಲಗೈ ತಂತಿಗಳ ಮೇಲೆ ಒಮ್ಮೆ ಬಡಿದು ಮೇಲೆದ್ದಿತು. ಅಷ್ಟರಲ್ಲಿ ಮದುವೆ ನಡೆಸಿಕೊಡುವ ನಿರೂಪಕ, ಇಸ್ತ್ರಿ ಸೂಟಿನ ಹುಡುಗ, ಸಾಕಿನ್ನು ಅಜ್ಜಿ, ಜನಕ್ಕೆ ಕುಣಿಯಬೇಕಂತೆ ಎಂದು ಮೈಕಿನಲ್ಲೇ ಹೇಳಿ ದೊಡ್ಡ ಸ್ಪೀಕರು ಹಚ್ಚಿದ. ಜೋಲ್ಚು ಮೇಜಿನ ಮೇಲಿಂದಲೇ ಹಾರಿದ. ಬೆಶ್ಬರ್ಮಕ್ ಮಾಂಸದೂಟದ ತಟ್ಟೆಗಳು ನೆಲಕ್ಕುರುಳಿದವು. ಹುಡುಗನನ್ನು ಟೈ ಹಿಡಿದು ಸ್ಪೀಕರಿಗೆ ಒತ್ತಿ ಒಂದು ಬಿಟ್ಟ, ತುಟಿ ಹರಿಯಿತು. ಇನ್ನೊಂದು ಬಿಡಲು ಕೈಯೆತ್ತಿದಾಗ ಮುದುಕಿ ಬೇಡವೆಂದು ನಡುವೆ ಕೈ ಚಾಚಿದಳು. ಏಟು ಆಗಲೇ ಹೊರಟುಬಿಟ್ಟಿತ್ತು. ಅವಳ ಬೆರಳುಗಳು ಅವನ ಮುಷ್ಟಿಗೂ ಸ್ಪೀಕರಿನ ಕಬ್ಬಿಣದ ಅಂಚಿಗೂ ನಡುವೆ ಸಿಕ್ಕವು. ಸಂಗೀತ ಕಿವಿ ಕಿತ್ತುಹೋಗುವಷ್ಟು ಜೋರಾಗಿದ್ದರೂ ಎಲುಬು ಮುರಿದ ಸದ್ದು ಜೋಲ್ಚುವಿಗೆ ಕೇಳಿಸಿತು. ದಿನಾ ಕೇಳುವ ಸದ್ದು ಅದು.

ವರನ ಕಡೆಯವರು ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕುರ್ಚಿಯ ಕಾಲುಗಳಿಂದ ಬಡಿದರು. ಎರಡು ಹಲ್ಲು ಉದುರಿದವು, ಪಕ್ಕೆಲುಬು ಬಿರುಕು ಬಿಟ್ಟಿತು. ಹುಟ್ಟಿದಾಗಿನಿಂದ ಮೊದಲ ಸಲ ಅವನು ತಿರುಗಿ ಕೈಯೆತ್ತಲಿಲ್ಲ.

ನಮ್ಮಲ್ಲಿ ಇಂಥದಕ್ಕೆ ರೂಢಿಯೊಂದಿದೆ: ಕೆಡುಕು ಮಾಡಿದವನು ಕುದುರೆಯನ್ನೂ ನಿಲುವಂಗಿಯನ್ನೂ ತಂದು ನೊಂದವರ ಬಾಗಿಲಲ್ಲಿ ನಿಲ್ಲಬೇಕು. ಬಾಗಿಲು ನಾಲ್ಕನೇ ಮಹಡಿಯಲ್ಲಿದ್ದರೆ ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ. ಪಕ್ಕೆಲುಬು ಕೂಡಿದ ಮೇಲೆ ಜೋಲ್ಚು ತಾನೇ ಸಾಕಿದ ಕಂದು ಕುದುರೆಯನ್ನು ಊರಿಂದ ಲಾರಿಯಲ್ಲಿ ತಂದು ಮುದುಕಿಯ ಕಟ್ಟಡದ ಮುಂದಿನ ಮಕ್ಕಳ ಉಯ್ಯಾಲೆಯ ಕಂಬಕ್ಕೆ ಕಟ್ಟಿದ. ಕೆಳಗೆ ಜನ ಸೇರಿದ್ದು ನೋಡಿ ಮುದುಕಿ ಬಾಲ್ಕನಿಗೆ ಬಂದಳು.

"ಇದನ್ನ ಎಲ್ಲಿ ಕಟ್ಲಿ ನಾನು? ಬಚ್ಚಲುಮನೇಲಾ?"

ಕೊಯ್ದು, ಕಟ್ಟಡದ ಎಲ್ಲ ಮನೆಗೂ ಹಂಚಿ ಮೇಲೆ ಬಾ ಎಂದಳು. ಅವನು ಅಲ್ಲೇ ಕೆಡವಿ ಕೊಯ್ದ. ಕುದುರೆಗೆ ಅವನ ಗುರುತಿದ್ದುದರಿಂದ ಒದ್ದಾಡಲಿಲ್ಲ. ಕಸುಬಿಗೆ ಬಿದ್ದ ಮೇಲೆ ಮೊದಲ ಬಾರಿಗೆ ಅವನು ಎರಡು ಸಲ ಚೂರಿ ಹಾಕಬೇಕಾಯಿತು. ಮರಳಿನಲ್ಲಿ ರಕ್ತ ಮಡುಗಟ್ಟಿತು. ಮೇಲಿನ ಮಹಡಿಯ ರಷ್ಯನ್ ಹೆಂಗಸು ಕಿಟಕಿಯಿಂದ ಅವನ ವಂಶವನ್ನೆಲ್ಲ ಬೈದಳು, ಆಮೇಲೆ ತನ್ನ ಪಾಲಿನ ಮಾಂಸ ತೆಗೆದುಕೊಂಡು ಹೋದಳು.

ಮೇಲೆ ಹೋದರೆ ಮುದುಕಿ ಎಡಗೈಯಿಂದ ಕೆನ್ನೆಗೊಂದು ಬಾರಿಸಿದಳು. ಬಲಗೈಯ ಎರಡು ಬೆರಳು ಕೊಕ್ಕೆಯ ಹಾಗೆ ಸೆಟೆದಿದ್ದವು. ಜೋಲ್ಚು ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, ಬೂಟಿನಿಂದ ಚೂರಿ ತೆಗೆದು ಹಿಡಿಯನ್ನು ಅವಳತ್ತ ಚಾಚಿದ.

"ಎರಡು ಮುರಿದೆ ಅಮ್ಮಾ. ಎರಡು ತಗೊಳ್ಳಿ."

"ಕತ್ತರಿಸಿದ ಬೆರಳು ಇಟ್ಕೊಂಡು ಸೂಪು ಮಾಡ್ಲಾ, ಮಂಕೇ? ಮೈಮೇಲಿದ್ರೇನೇ ಅದು ನನಗೆ ಕೆಲಸಕ್ಕೆ ಬರೋದು. ಕೂತ್ಕೋ ಇಲ್ಲಿ."

ಅವಳು ಕೋಮುಜನ್ನು ಮಡಿಲಿಗೆಳೆದುಕೊಂಡು ಎಡಗೈಯಲ್ಲಿ ಅದರ ಕತ್ತು ಹಿಡಿದಳು. ಅವನು ಬಲಕ್ಕೆ ಮೊಣಕಾಲೂರಿ ಕೂತು ತಂತಿ ಮೀಟಬೇಕು. ಮೊದಲ ಏಟಿಗೇ ತಂತಿ ಹರಿಯಿತು. ಅವಳು ಲಟ್ಟಣಿಗೆ ತರಿಸಿ ಪಕ್ಕದಲ್ಲಿಟ್ಟುಕೊಂಡಳು. ನಾಲ್ಕು ದಿನಕ್ಕೆ ಬಂದವನು ಚಳಿಗಾಲವಿಡೀ ಉಳಿದ. ನಾಜಿರಾ ಗೊಣಗುತ್ತಲೇ ಉಣಬಡಿಸಿದಳು. ಅವನ ಗೆಣ್ಣುಗಳು ಲಟ್ಟಣಿಗೆ ಏಟಿಗೆ ಊದಿಕೊಂಡು ನೀಲಿಯಾದವು. ಕುದುರೆ ದಾಟುತ್ತದೋ ಇಲ್ಲವೋ ಅಷ್ಟನ್ನಾದರೂ ಹೇಳಿ ಎಂದು ಅಂಗಲಾಚಿದರೆ, ಬಾರಿಸು, ಗೊತ್ತಾಗುತ್ತೆ ಎನ್ನುತ್ತಿದ್ದಳು. ಅವನಿಗೆ ಒಳಗೊಳಗೇ ಸಂಕಟ. ಆ ಮಟ್ಟು ಇನ್ನು ಲೋಕದಲ್ಲಿ ಕೇಳಿಸುವುದು ತನ್ನ ಈ ಕಟುಕ ಕೈಯಲ್ಲಿ ಮಾತ್ರ, ಇದಕ್ಕಿಂತ ಚೆನ್ನಾಗಿ ತಾನೆಂದೂ ಕೇಳಲಾರೆ ಎಂದು.

ಹಿಮ ಕರಗತೊಡಗಿದಾಗ ಒಂದು ಮಧ್ಯಾಹ್ನ ಅವಳು ಇವತ್ತು ಪೂರ್ತಿ ಎಂದಳು. ಕುದುರೆ ಹೊಳೆಗಿಳಿಯಿತು. ನಡುವಿಗೆ ಬಂತು. ಮಂಜು ಬಿರಿಯಿತು. ಅಷ್ಟರಲ್ಲಿ ಮೇಲಿನ ರಷ್ಯನ್ ಹೆಂಗಸು ಗೋಡೆಯ ಕೊಳವೆಗೆ ಸುತ್ತಿಗೆಯಿಂದ ಬಡಿಯತೊಡಗಿದಳು. ಜೋಲ್ಚುವಿನ ಕತ್ತಿನ ನರ ಉಬ್ಬಿತು, ಒಂದು ಮೊಣಕಾಲು ನೆಲ ಬಿಟ್ಟಿತು.

"ಹೋಗ್ತೀಯ? ಹೋಗು, ಹೊಡಿ," ಎಂದಳು ಮುದುಕಿ, ಎಡಗೈ ತೆಗೆಯದೆ. "ಕುದುರೆ ಮತ್ತೆ ಅಲ್ಲೇ ನಿಲ್ಲುತ್ತೆ."

ಮುಷ್ಟಿ ಕಟ್ಟಿದರೆ ತಂತಿ ಮೀಟಲಾಗದು. ಅವನು ಬೆರಳು ಬಿಡಿಸಿದ. ಸುತ್ತಿಗೆ ಬಡಿಯುತ್ತಲೇ ಇತ್ತು, ಅವನು ಮೀಟುತ್ತಲೇ ಇದ್ದ. ಕುದುರೆ ದಡ ಹತ್ತಿತು, ಮೈ ಕೊಡವಿತು, ಹಿಂದಕ್ಕೆ ತಿರುಗಿತು. ಆಮೇಲೆ ಮೂರು ತಂತಿಯಲ್ಲಿ ಒಂದೇ ಉಳಿಯಿತು, ಅದು ಮತ್ತೆ ಮತ್ತೆ ಹೊಳೆಯ ನಡುವಿಗೇ ಹೋಗಿ ಯಾರನ್ನೋ ಕರೆದು ಬರಿಗೈಯಲ್ಲಿ ದಡಕ್ಕೆ ಬಂತು. ಮರಿ ಬರಲಿಲ್ಲ.

ಮಟ್ಟು ಮುಗಿದರೂ ಜೋಲ್ಚು ಎದ್ದೇಳಲಿಲ್ಲ.

"ಅಪ್ಪನಿಗೆ ಇದು ಪೂರ್ತಿ ಬರ್ತಿತ್ತು," ಎಂದ.