ಬಾಗಿಲಿಗೊಂದು ರುಬ್ಬುಗುಂಡು

ಪಾರ್ಶ್ವವಾಯು ಬಡಿದು ಮಲಗಿದ್ದ ನಮ್ಮ ಮಾವನವರನ್ನು ನೋಡಿಕೊಳ್ಳಲು ಗೊತ್ತುಮಾಡಿದ್ದ ಹೆಂಗಸು ಮಗ್ಗೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುಗುಂಡನ್ನು ಎತ್ತಿ ತಂದು, ಕೋಣೆಯ ಬಾಗಿಲು ಮುಚ್ಚದಂತೆ ಒತ್ತಾಗಿ ಇಡುತ್ತಿದ್ದಳು. "ಬಾಗ್ಲು ತೆಗ್ದಿರ್ಲಿ ಕಣಕ್ಕ. ಆಮೇಲೇ ನನ್ ಕೆಲ್ಸ." ಮೈ ಒರೆಸುವಾಗಲೂ ಅಡ್ಡಕ್ಕೊಂದು ಹಳೆ ಸೀರೆ ಕಟ್ಟುವಳೇ ಹೊರತು ಬಾಗಿಲು ಹಾಕುತ್ತಿರಲಿಲ್ಲ. ಇದೆಂಥ ಬಿಗುಮಾನ ಎಂದು ನನಗೆ ರೇಗುತ್ತಿತ್ತು.

ಒಂದು ಮಧ್ಯಾಹ್ನ ಮಾವನವರ ತಮ್ಮ ಬಾಳ್ಳುಪೇಟೆಯಿಂದ ಬಂದ. ಅಣ್ಣನನ್ನು ನೋಡುವ ನೆಪದಲ್ಲಿ ಕೋಣೆ ಹೊಕ್ಕವನು, ಆಕೆ ಒಳಗಿರುವಾಗಲೇ ಬಾಗಿಲು ಹಾಕಲು ನೋಡಿದ. ಕಾಲಿನಿಂದ ಒದ್ದರೂ ಗುಂಡು ಅಲುಗಲಿಲ್ಲ.

"ಅಕ್ಕಾ, ಬನ್ನಿ ಇಲ್ಲಿ!"

ಆ ಕೂಗಿಗೆ ನಾನಷ್ಟೇ ಅಲ್ಲ, ಕಣದಲ್ಲಿ ಕಾಫಿ ಹರವುತ್ತಿದ್ದ ಆಳುಗಳೂ ಓಡಿಬಂದರು. ಎಲ್ಲರೆದುರಿಗೇ ಆಕೆ ಹೇಳಿದಳು: "ನಾನ್ ಬಂದಿರಾದು ಇವ್ರ ಅಣ್ಣನ್ನ ನೋಡ್ಕಳಕ್ಕೆ. ಇವ್ರು ಬರಾ ಮನೇಲಿ ನಾನಿರಕಿಲ್ಲ."

"ಅವಳಿರ್ತಾಳೆ. ನೀವು ಹೊರಡಿ," ಅಂದುಬಿಟ್ಟೆ ನಾನು. ಅವನು ಮತ್ತೆ ಬರಲಿಲ್ಲ.

ಅವನು ಬಂದಾಗಲೆಲ್ಲ ಅಡುಗೆಮನೆಯ ಚಿಲಕ ಹಾಕಿಕೊಂಡು ಎಂಟು ವರ್ಷ ಕಳೆದವಳು ನಾನು. ಅಂದು ಸಂಜೆ ಬಾಗಿಲು ತೆರೆದಿಟ್ಟುಕೊಂಡೇ ರೊಟ್ಟಿ ತಟ್ಟಿದೆ.